ಮಾಡಿಗೆ ಸಿಕ್ಕಿಸಿಟ್ಟ ಲೋಟ

ಧಾರವಾಡದಿಂದ ಕಲಘಟಗಿ ಮೇಲೆ ಯಲ್ಲಾಪುರಕ್ಕೆ ಹೋಗುವ ಬಸ್ಸು ಕಿರವತ್ತಿಯಲ್ಲಿ ನಿಂತಾಗ ಒಬ್ಬ ಸಿದ್ದಿ ಹೆಂಗಸು ಮಗುವನ್ನೆತ್ತಿಕೊಂಡು ಹತ್ತಿದರು. ನಮ್ಮ ಪಕ್ಕದ ಸಾಲಿನಲ್ಲೇ ಅವರಿಗೆ ಜಾಗ ಸಿಕ್ಕಿತು. ಆಗ ನನ್ನ ಮಗಳಿಗೆ ಐದು ವರ್ಷ. ಸ್ವಲ್ಪ ಹೊತ್ತು ಅವರನ್ನೇ ನೋಡಿದವಳು ಇಡೀ ಬಸ್ಸಿಗೆ ಕೇಳುವ ಹಾಗೆ, "ಆಯಿ, ಅವರ ಕೂದಲು ಯಾಕೆ ಹಾಗೆ ಸುರುಳಿ ಸುರುಳಿ? ಅವರು ಯಾಕೆ ಅಷ್ಟು ಕಪ್ಪು?" ಎಂದಳು.

ನಾನು ಅವಳ ಬಾಯಿ ಮುಚ್ಚಿದೆ. "ಶ್! ಹಾಗೆಲ್ಲ ಕೇಳಬಾರದು" ಎಂದು ಅವಳ ಮುಖವನ್ನು ಕಿಟಕಿಯ ಕಡೆ ತಿರುಗಿಸಿದೆ. ಆ ತಾಯಿಯೂ ತಮ್ಮ ಕಡೆಯ ಕಿಟಕಿಯ ಹೊರಗೆ ನೋಡತೊಡಗಿದರು. ಯಲ್ಲಾಪುರ ಬರುವವರೆಗೂ ನಮ್ಮಿಬ್ಬರಲ್ಲಿ ಯಾರೂ ಆಚೆ ಈಚೆ ತಿರುಗಲಿಲ್ಲ. ಮಗಳಿಗೆ ಒಳ್ಳೆಯ ನಡತೆ ಕಲಿಸಿದೆ ಎಂದೇ ನಾನು ಅಂದುಕೊಂಡಿದ್ದೆ.

ಎರಡು ವರ್ಷದ ಮೇಲೆ ಅವಳ ತರಗತಿಗೆ ಒಬ್ಬಳು ಸಿದ್ದಿ ಹುಡುಗಿ ಬಂದು ಸೇರಿದಳು. ಅವಳ ತಾಯಿ ಊರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಟೀಚರು ಆ ಹುಡುಗಿಯನ್ನು ನನ್ನ ಮಗಳ ಪಕ್ಕ ಕೂರಿಸಿದರು. ಒಂದು ವಾರ ಕಳೆದಿರಬೇಕು, ಶಾಲೆಯಿಂದ ನನಗೆ ಕರೆ ಬಂತು. ಆ ಹುಡುಗಿ ಅಳುತ್ತಿದ್ದಾಳೆ, ಊಟದ ಡಬ್ಬಿ ತೆರೆಯುತ್ತಿಲ್ಲ. ನನ್ನ ಮಗಳು ಅವಳಿಗೆ ಹೇಳಿದ್ದು ಇಷ್ಟೇ: "ನಿನ್ನ ಬಗ್ಗೆ ಏನೂ ಕೇಳಬಾರದಂತೆ. ನಮ್ಮ ಆಯಿ ಹೇಳಿದ್ದಾಳೆ."

ಮಗಳು ಒಂದು ಬೈಗುಳವನ್ನೂ ಆಡಿರಲಿಲ್ಲ. ನಾನು ಕೊಟ್ಟದ್ದನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ದಾಟಿಸಿದ್ದಳು. ಬಸ್ಸಿನಲ್ಲಿ ನಾನು ಬಾಯಿ ಮುಚ್ಚಿದ ರೀತಿಯಿಂದ, ಆ ಕೂದಲಿನಲ್ಲಿ, ಆ ಬಣ್ಣದಲ್ಲಿ ಬಾಯಿಬಿಟ್ಟು ಹೇಳಲಾಗದ ಏನೋ ಇದೆ ಎಂದು ಐದು ವರ್ಷದ ಮಗು ತಿಳಿದುಕೊಂಡಿತ್ತು.

ಅಂದು ರಾತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಲು ಹೊರಟೆ. ನಮ್ಮೆಲ್ಲರ ಚರ್ಮದೊಳಗೂ ಬಣ್ಣ ತಯಾರಿಸುವ ಜೀವಕೋಶಗಳಿವೆ, ಅವುಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ, ಅವು ಎಷ್ಟು ಮೆಲನಿನ್ ತಯಾರಿಸುತ್ತವೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ ಎಂದೆ. ಕೂದಲು ಹುಟ್ಟುವ ಗುಳಿ ನೆಟ್ಟಗಿದ್ದರೆ ಕೂದಲು ನೆಟ್ಟಗೆ, ಬಾಗಿದ್ದರೆ ಗುಂಗುರು ಎಂದೆ. ಅವಳು ತನ್ನ ಕೈಯನ್ನು ನನ್ನ ಕೈಯ ಪಕ್ಕ ಇಟ್ಟು ನೋಡಿದಳು. "ನಿಂದು ನನಗಿಂತ ಕಪ್ಪು" ಎಂದಳು. ಐದೇ ನಿಮಿಷ. ಎರಡು ವರ್ಷದ ಹಿಂದೆ, ಬಸ್ಸಿನಲ್ಲೇ ಮುಗಿಯಬಹುದಾಗಿದ್ದ ಮಾತು.

ಅಲ್ಲಿಗೆ ನಿಲ್ಲಿಸಲಿಲ್ಲ. ತಪ್ಪು ತಿದ್ದಿಕೊಳ್ಳುವ ಆತುರದಲ್ಲಿ ಹೊಗಳಿಕೆಗೆ ಇಳಿದೆ. ಸಿದ್ದಿಗಳ ಓಟದ ಶಕ್ತಿ ನೋಡಿ ಕ್ರೀಡಾ ಪ್ರಾಧಿಕಾರ 1987ರಲ್ಲೇ ಅವರ ಮಕ್ಕಳನ್ನು ಆರಿಸಿ ತರಬೇತಿ ಶುರು ಮಾಡಿತ್ತು, ಅವರ ಡಮಾಮಿ ಕುಣಿತ ನೋಡಬೇಕು ನೀನು ಎಂದೆಲ್ಲ ಹೇಳಿದೆ. ಮಾರನೆಯ ದಿನ ಮಗಳು ಶಾಲೆಯಲ್ಲಿ ಆ ಹುಡುಗಿಯನ್ನು ಮೈದಾನಕ್ಕೆ ಎಳೆದುಕೊಂಡು ಹೋಗಿ "ಓಡಿ ತೋರಿಸು" ಎಂದಳಂತೆ. ಆ ಹುಡುಗಿಗೆ ಓಟ ಇಷ್ಟವಿಲ್ಲ. ಅವಳು ಚಿತ್ರ ಬರೆಯುವವಳು, ಹೆಚ್ಚಾಗಿ ಬೆಕ್ಕುಗಳನ್ನು. ಮೊದಲು ಬಾಯಿ ಮುಚ್ಚಿಸಿ ಅವಳನ್ನು ದೂರ ಇಟ್ಟಿದ್ದೆ. ಈಗ ಹೊಗಳಿ, ಒಬ್ಬ ಹುಡುಗಿಯ ಜಾಗದಲ್ಲಿ ಒಂದು ಜನಾಂಗವನ್ನು ತಂದು ನಿಲ್ಲಿಸಿದ್ದೆ.

ಸಿದ್ದಿಗಳು ಇಲ್ಲಿಗೆ ಬಂದದ್ದು ಹೇಗೆ ಎಂದು ಮಗಳು ಕೇಳಿದಳು. ಈ ಸಲ ಹೊಗಳಲೂ ಇಲ್ಲ, ಅಡಗಿಸಲೂ ಇಲ್ಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಆಫ್ರಿಕದ ಪೂರ್ವ ಕರಾವಳಿಯಿಂದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತರುತ್ತಿದ್ದರು. ಅವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡದ ಕಾಡುಗಳಲ್ಲಿ ನೆಲೆ ನಿಂತರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಅಹಮದ್‌ನಗರದಲ್ಲಿ ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ಮಲಿಕ್ ಅಂಬರ್ ಕೂಡ ಗುಲಾಮನಾಗಿ ಮಾರಾಟವಾಗಿ ಆಫ್ರಿಕದಿಂದ ಬಂದವನೇ. ಇಲ್ಲಿ ಇಷ್ಟು ತಲೆಮಾರು ಬಾಳಿದ ಮೇಲೂ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರವರೆಗೆ ಕಾಯಬೇಕಾಯಿತು.

ಮಗಳು ಕೇಳಿಸಿಕೊಂಡು, "ಯಲ್ಲಾಪುರ ಅಂದ್ರೆ ಅಜ್ಜಿ ಮನೆ ಕಡೆ. ಅವರು ಅಜ್ಜಿ ಮನೆಗೆ ಬರ್ತಿದ್ರಾ?" ಎಂದಳು.

ಬಸ್ಸಿನಲ್ಲಿ ನನ್ನ ಕೈ ಅವಳ ಬಾಯಿಗೆ ಹೋದದ್ದು ಯಾಕೆ ಎಂದು ನನಗೆ ಆಗ ತಿಳಿಯಿತು.

ನಮ್ಮದು ಮೇಲ್ಜಾತಿಯ, ಅಡಿಕೆ ತೋಟದ ಮನೆ. ಕೊನೆ ಕೊಯ್ಲಿನ ದಿನಗಳಲ್ಲಿ ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿ ಬಹಳ ಹೊತ್ತು ಅಡಿಕೆ ಸುಲಿಯುವವರಲ್ಲಿ ಒಬ್ಬ ಸಿದ್ದಿ ಮುದುಕಿ ಇದ್ದರು. ನನ್ನ ಅಜ್ಜಿಯ ವಯಸ್ಸಿನವರು. ಅವರನ್ನು ಈಗ ಈ ಬರಹದಲ್ಲಿ ಬಹುವಚನದಲ್ಲಿ ಕರೆಯುತ್ತಿದ್ದೇನೆ. ಆರು ವರ್ಷದ ನಾನು ಅವರಿಗೆ "ನೀನು" ಎನ್ನುತ್ತಿದ್ದೆ, "ಏ, ಇಲ್ಲಿ ಬಾ" ಎನ್ನುತ್ತಿದ್ದೆ. ಅವರು ನನ್ನನ್ನು "ತಂಗೀ" ಎನ್ನುತ್ತಿದ್ದರು. ಅವರ ಲೋಟ ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟಿರುತ್ತಿತ್ತು, ಒಂದು ಕಡೆ ತಗ್ಗಾದ ಅಲ್ಯುಮಿನಿಯಂ ಲೋಟ. ಅದನ್ನು ಅವರೇ ತೆಗೆದು ಕೆಳಗಿಡಬೇಕು, ಅಮ್ಮ ಮೇಲಿನಿಂದ ಚಾ ಹೊಯ್ಯಬೇಕು, ಕುಡಿದ ಮೇಲೆ ಅವರೇ ತೊಳೆದು ಮತ್ತೆ ಮಾಡಿಗೆ ಸಿಕ್ಕಿಸಬೇಕು. ಲೋಟ ಇಲ್ಲದ ದಿನ ಕರಟ. ಅವರು ಜಗುಲಿ ಹತ್ತಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ನಮ್ಮ ಹಳೆಯ ಸೀರೆಗಳ ಚಿಂದಿ ಜೋಡಿಸಿ ಅವರು ಒಂದು ಕೌದಿ ಹೊಲಿದುಕೊಟ್ಟಿದ್ದರು. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಸಣ್ಣ ಹೂ ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಮುಗಿದಂತಲ್ಲ. ಆ ಹೂಗಳನ್ನು ಬೆರಳಲ್ಲಿ ತಿರುವುತ್ತಾ ನಾನು ನಿದ್ದೆ ಹೋಗುತ್ತಿದ್ದೆ. ಆ ಕೌದಿಗೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡಿದ್ದರು. ಹೊಲಿದವರಿಗೆ ಒಳಗೆ ಬರಲು ಅಂಥ ಯಾವ ದಾರಿಯೂ ಇರಲಿಲ್ಲ. ಅವರ ಹೆಸರು ನೆನಪಿದೆ. ಅವರ ಮನೆ ಎಲ್ಲಿತ್ತು, ಮಕ್ಕಳಿದ್ದರೇ, ಯಾವಾಗ ತೀರಿಕೊಂಡರು, ಒಂದೂ ಗೊತ್ತಿಲ್ಲ. ಕೇಳಿರಲಿಲ್ಲ.

ಮಗಳು ಬಸ್ಸಿನಲ್ಲಿ ಕೇಳಿದ್ದು ಕೂದಲಿನ ಬಗ್ಗೆ. ನನಗೆ ಹೆದರಿಕೆಯಾದದ್ದು ಆ ಲೋಟದ ಬಗ್ಗೆ. ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಇನ್ನೊಂದು ಹುಟ್ಟುತ್ತದೆ, ಅದರ ಬೆನ್ನಿಗೆ ಮತ್ತೊಂದು, ಕೊನೆಗೆ ಅದು ನಮ್ಮ ಕೊಟ್ಟಿಗೆಯ ಮುಂದೆ ಬಂದು ನಿಲ್ಲುತ್ತದೆ ಎಂದು ಒಳಗೆಲ್ಲೋ ಗೊತ್ತಿತ್ತು. ಬಣ್ಣದ ವ್ಯತ್ಯಾಸ ಹೇಳುವುದು ಕಷ್ಟವಲ್ಲ. ಆ ವ್ಯತ್ಯಾಸ ಹಿಡಿದು ನಾವು ಮಾಡಿದ್ದನ್ನು ಹೇಳುವುದೇ ಕಷ್ಟ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದರೆ ಮಗುವಿಗೆ ಸತ್ಯ ಹೇಳಿದಂತಾಗುವುದಿಲ್ಲ ಎಂದು ನಾನು ಈಗ ಪೂರ್ತಿಯಾಗಿ ನಂಬುತ್ತೇನೆ.

ಲೋಟದ ಕತೆ ಹೇಳಿದೆ. ಕರಟದ್ದೂ, ಕೌದಿಯದ್ದೂ. ಮಗಳು ಅಳಲಿಲ್ಲ, ಸಿಟ್ಟಾಗಲಿಲ್ಲ. ತುಂಬ ಹೊತ್ತು ಯೋಚಿಸಿ, "ಅವರಿಗೆ ಬೇಜಾರಾಗ್ತಿತ್ತು ಅಂತ ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು. "ಆಗ ಯೋಚನೆ ಮಾಡಿರಲಿಲ್ಲ" ಎಂದೆ. "ಅಜ್ಜಿಗೆ?" ಅದಕ್ಕೆ ಅಜ್ಜಿಯೇ ಉತ್ತರ ಹೇಳಬೇಕು ಎಂದೆ. ಆ ಬೇಸಿಗೆಯಲ್ಲಿ ಮಗಳು ಅಜ್ಜಿಯನ್ನೇ ಕೇಳಿದಳು. ನನ್ನ ಅಮ್ಮ ಒಂದು ಮಾತೂ ಆಡದೆ ಎದ್ದು ಒಳಗೆ ಹೋದರು.

ಪಾಲಕರ ಸಭೆಯ ದಿನ ಆ ಹುಡುಗಿಯ ತಾಯಿ ಸಿಕ್ಕರು. ಕ್ಷಮೆ ಕೇಳಿದೆ. "ಮಕ್ಕಳು ಕೇಳ್ಲಿ ಬಿಡಿ ಮೇಡಂ" ಎಂದರು ಅವರು. "ಕೇಳಿದ್ರೆ ಉತ್ತರ ಹೇಳ್ಬಹುದು. ದೊಡ್ಡವರು ಸುಮ್ನೆ ನೋಡ್ತಾರಲ್ಲ, ಅದಕ್ಕೆ ಎಂತ ಹೇಳೂದು?" ಆಮೇಲೆ ನನ್ನ ಊರು ಕೇಳಿದರು. ಹೇಳಿದೆ. ಅವರ ಮುಖ ಅರಳಿತು. "ಆ ಕಡೆ ತೋಟಗಳಿಗೆ ನಮ್ಮ ಅಜ್ಜಿ ಅಡಿಕೆ ಸುಲಿಲಿಕ್ಕೆ ಹೋಗ್ತಿದ್ರು" ಎಂದರು. ನಾನು "ಹೌದಾ" ಎಂದೆ. ಅಷ್ಟರಲ್ಲಿ ಟೀಚರು ಅವರನ್ನು ಕರೆದರು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಮಗಳು ಹಿಂದಿನಿಂದ ಕೇಳಿದಳು, "ಲೋಟದ ವಿಷಯ ಅವರಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

ಸುಮ್ಮನಿರು, ಗಾಡಿ ಓಡಿಸುತ್ತಿದ್ದೇನೆ ಎನ್ನಬಹುದಿತ್ತು. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದೆ. "ನಾಚಿಕೆಯಾಯ್ತು" ಎಂದೆ.

"ನಾಳೆ ಹೇಳ್ತೀಯಾ?"

"ಹೇಳ್ತೇನೆ" ಎಂದೆ. ಅವಳು ನನ್ನ ಸೊಂಟ ಹಿಡಿದುಕೊಂಡಳು. ಗಾಡಿ ಶುರು ಮಾಡಿದೆ.