ಓಡಿಸುವ ಮೊದಲೇ ಎಷ್ಟು ತಿಳಿಯಬಹುದು?

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಮೂಡಿಗೆರೆಯ ಒಂದು ಪದವಿಪೂರ್ವ ಕಾಲೇಜಿನ ಗಣಕ ವಿಜ್ಞಾನ ತರಗತಿ. ಪಠ್ಯ ಮುಗಿದು ಉಳಿದ ಎರಡು ಅವಧಿಗಳಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಒಂದು ಪ್ರಶ್ನೆಯನ್ನು ಎತ್ತಿಕೊಂಡೆ. ಫೈಲ್ ಓದುವುದು, ನೆಟ್‌ವರ್ಕ್‌ನಿಂದ ಮಾಹಿತಿ ತರುವುದು ಮುಂತಾದ ಹೊರಗಿನ ಕೆಲಸಗಳನ್ನು, ಅಂದರೆ ಎಫೆಕ್ಟ್‌ಗಳನ್ನು, ಪ್ರೋಗ್ರಾಂ ಓಡಿಸುವ ಮೊದಲೇ ಪಟ್ಟಿ ಮಾಡಬಹುದೇ?

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಾಫಿ ತೋಟಗಳಿಂದ ಬರುವವರು. ಅದಕ್ಕೇ ಕಪ್ಪುಹಲಗೆಯಲ್ಲಿ ತೋಟದ ಕೆಲಸವನ್ನೇ ಮೂರು ಕಾಲಂ ಮಾಡಿ ಬರೆದೆ.

ಮೊದಲನೆಯದು: ಮರಗಸಿ, ಗೊಬ್ಬರ, ಬೋರ್ಡೋ ಸಿಂಪಡಣೆ. ಒಂದರ ಫಲಿತಾಂಶ ನೋಡಿ ಇನ್ನೊಂದನ್ನು ನಿರ್ಧರಿಸಬೇಕಿಲ್ಲ. ಗೊಬ್ಬರದ ಮೂಟೆ, ಸುಣ್ಣ, ಮೈಲುತುತ್ತ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಬಹುದು. 2008ರಲ್ಲಿ ಮೆಕ್‌ಬ್ರೈಡ್ ಮತ್ತು ಪ್ಯಾಟರ್ಸನ್ ವಿವರಿಸಿದ 'ಅಪ್ಲಿಕೇಟಿವ್' ಇಂಥದ್ದು.

ಎರಡನೆಯದು: ರೊಬಸ್ಟಾಕ್ಕೆ ಹೂಮಳೆ ಬಂದರೆ ಸರಿ, ಬಾರದಿದ್ದರೆ ಸ್ಪ್ರಿಂಕ್ಲರ್. ಯಾವ ದಾರಿ ಎಂದು ಆಮೇಲೆ ತಿಳಿಯುತ್ತದೆ, ಆದರೆ ಎರಡೂ ದಾರಿ ಮೊದಲೇ ಬರೆದಿವೆ. ಖಂಡಿತ ಬೇಕಾದದ್ದು, ಬೇಕಾಗಬಹುದಾದದ್ದು ಎಂದು ಎರಡು ಪಟ್ಟಿ ಮಾಡಬಹುದು, ಡೀಸೆಲ್ ಎರಡನೆಯದರಲ್ಲಿ. 2019ರಲ್ಲಿ ಮೊಖೋವ್ ಮತ್ತು ಸಂಗಡಿಗರು ಇದಕ್ಕೆ 'ಸೆಲೆಕ್ಟಿವ್' ಎಂದು ಹೆಸರಿಟ್ಟರು.

ಮೂರನೆಯದು: "ಗಿಡ ನೋಡಿ ಮುಂದಿನ ಕೆಲಸ ಹೇಳುತ್ತೇನೆ." ಇದು 'ಮೋನಾಡ್'. ನೋಡುವವರೆಗೆ ಪಟ್ಟಿಯೇ ಇಲ್ಲ.

"ಮೋನಾಡ್‌ನಲ್ಲಿ ಎಲ್ಲಾ ಮಾಡಬಹುದಾದ್ರೆ ಉಳಿದೆರಡು ಯಾಕೆ ಸಾರ್?" ಎಂದು ಒಬ್ಬಳು ಕೇಳಿದಳು.

"ನಿಮ್ಮ ತೋಟದ ರೈಟರಿಗೆ ಯಾವ ಕಾಲಂ ಇಷ್ಟ?" ಎಂದು ಇಡೀ ತರಗತಿಗೆ ಕೇಳಿದೆ.

"ಒಂದನೇದು ಸಾರ್. ಬಟವಾಡೆ ಲೆಕ್ಕ ಮೊದಲೇ ಸಿಗುತ್ತೆ," ಎಂದ ಹಿಂದಿನ ಬೆಂಚಿನ ಹುಡುಗ. ನಾನು ಹೇಳಬೇಕೆಂದಿದ್ದುದು ಅದೇ: ಬರೆಯುವವನಿಗೆ ಸ್ವಾತಂತ್ರ್ಯ ಹೆಚ್ಚಿದಷ್ಟೂ ಓದುವವನಿಗೆ ಮುಂಚಿತವಾಗಿ ತಿಳಿಯುವುದು ಕಡಿಮೆ.

ನಮ್ಮ ಪಾಠಯೋಜನೆಗೂ ಈ ಮಾತು ಸಲ್ಲುತ್ತದೆ. ಮಾರ್ಗದರ್ಶಕರು ತರಗತಿಗೆ ಮುಂಚೆಯೇ ಓದಿ ಸಹಿ ಹಾಕಬೇಕಾದ್ದರಿಂದ ನಾವು ಬಹುಪಾಲು ಮೊದಲ ಕಾಲಂನ ಯೋಜನೆಯನ್ನೇ ಬರೆಯುತ್ತೇವೆ. ಮಕ್ಕಳ ಉತ್ತರ ಹಿಡಿದೇ ಸಾಗುವ ಪಾಠ ಮೂರನೆಯದು. ಅದನ್ನು ಮೊದಲೇ ಪರಿಶೀಲಿಸಲಾಗದು. ಆ ವಾರದಿಂದ ನಾನು ಪ್ರತಿ ಯೋಜನೆಯಲ್ಲೂ ಎರಡು ಕಡೆ "ಹೀಗೆ ಉತ್ತರಿಸಿದರೆ ಇದು, ಇಲ್ಲವಾದರೆ ಅದು" ಎಂದು ಬರೆದು, ಎರಡಕ್ಕೂ ಬೋಧನೋಪಕರಣ ಸಿದ್ಧಮಾಡಿಕೊಳ್ಳುತ್ತಿದ್ದೇನೆ. ಕೆಲವು ಚಾರ್ಟ್‌ಗಳು ಬಳಕೆಯಾಗದೆ ಉಳಿಯುತ್ತವೆ, ಮಳೆ ಬಂದ ವರ್ಷದ ಡೀಸೆಲ್‌ನಂತೆ. ಆದರೆ ಮಾರ್ಗದರ್ಶಕರಿಗೆ ಪಾಠ ಮೊದಲೇ ಕಾಣುತ್ತದೆ, ಮಕ್ಕಳ ಉತ್ತರಕ್ಕೂ ಅದರಲ್ಲಿ ಜಾಗವಿರುತ್ತದೆ. ಯಾರೂ ಊಹಿಸದ ಪ್ರಶ್ನೆಗೆಂದು ಕೊನೆಯ ಐದು ನಿಮಿಷ ಖಾಲಿ ಬಿಡುತ್ತೇನೆ.