ನೀರು ಕೇಳಿದವರು

ದೊಡ್ಡ ಗುತ್ತಿಗೆಯ ಕೆಲಸವೆಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಯಂತ್ರಗಳು, ನಕ್ಷೆಗಳು, ಮುಗಿಲೆತ್ತರದ ಗೋಡೆ. ಒಳಗಿದ್ದು ದುಡಿದವನ ನೆನಪಿನಲ್ಲಿ ನಿಲ್ಲುವುದಾದರೋ ಬೇರೆಯೇ: ಕುಡಿಯಲು ಕೊಟ್ಟ ನೀರು ಎಂಥದು, ಮಲಗಲು ತೋರಿಸಿದ ಜಾಗ ಎಂಥದು, ಕಷ್ಟ ಹೇಳಿಕೊಂಡಾಗ ಮೇಲಿನವರು ಮುಖವೆತ್ತಿ ನೋಡಿದರೇ ಇಲ್ಲವೇ.

ಅಮೆರಿಕದ ಹೂವರ್ ಅಣೆಕಟ್ಟನ್ನು ಚಿತ್ರದಲ್ಲಾದರೂ ಕಾಣದ ಓದುಗರು ವಿರಳ. ಕೊಲರಾಡೋ ನದಿಗೆ ಅಡ್ಡಲಾಗಿ 726 ಅಡಿ ಎತ್ತರ ನಿಂತಿರುವ ಆ ಗೋಡೆಯ ಗುತ್ತಿಗೆ 1931ರ ಮಾರ್ಚ್ ತಿಂಗಳಲ್ಲಿ 'ಸಿಕ್ಸ್ ಕಂಪನೀಸ್' ಎಂಬ ಕೂಟಕ್ಕೆ ದೊರೆಯಿತು. ಮೊತ್ತ ಸುಮಾರು 4 ಕೋಟಿ 89 ಲಕ್ಷ ಡಾಲರ್. ದೇಶದಲ್ಲೆಲ್ಲ ನಿರುದ್ಯೋಗ ತಾಂಡವವಾಡುತ್ತಿದ್ದ ಕಾಲವದು. ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದವರು ನದಿಯ ದಂಡೆಯಲ್ಲಿ ಹರಕು ಗುಡಾರಗಳನ್ನು ಹಾಕಿದರು; ಆ ತಾಣಕ್ಕೆ 'ಚಿಂದಿಯೂರು' ಎಂದೇ ಹೆಸರಾಯಿತು. ಕೆಲಸಗಾರರಿಗಾಗಿ ಊರೊಂದನ್ನು ಕಟ್ಟಬೇಕೆಂಬ ಏರ್ಪಾಡು ಇತ್ತು, ನಿಜ. ಆದರೆ ಊರು ಏಳುವ ಮೊದಲೇ ಕೆಲಸ ಆರಂಭವಾಗಿತ್ತು. ಅತಿಥಿಗಳನ್ನು ಪಂಕ್ತಿಯಲ್ಲಿ ಕೂರಿಸಿದ ಮೇಲೆ ಒಲೆ ಹಚ್ಚುವ ಗೃಹಸ್ಥನನ್ನು ಯಾರು ಮೆಚ್ಚುತ್ತಾರೆ?

ಆ ಬೇಸಗೆಯಲ್ಲಿ ಕಣಿವೆಯ ಉಷ್ಣ 110 ಡಿಗ್ರಿ ಫ್ಯಾರನ್‌ಹೀಟನ್ನು ಮೀರಿತು. ಬಂಡೆಗಳು ಹಗಲಿನ ಕಾವನ್ನು ರಾತ್ರಿಯಿಡೀ ಉಗುಳುತ್ತಿದ್ದವು. ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಬೇಗೆಗೆ ಬಲಿಯಾದರು. ಜಗತ್ತಿನ ಮಹಾನದಿಯೊಂದನ್ನು ಕಟ್ಟಿಹಾಕಲು ಬಂದವರಿಗೆ ತಣ್ಣನೆಯ ಕುಡಿಯುವ ನೀರಿಗೆ ಗತಿಯಿರಲಿಲ್ಲ.

ಆಗಸ್ಟ್ 7ರಂದು, ಸುರಂಗದ ಕೆಲವರನ್ನು ಕಡಿಮೆ ಕೂಲಿಯ ಕೆಲಸಕ್ಕೆ ತಳ್ಳಿದಾಗ, ಸಹನೆಯ ಕಟ್ಟೆಯೊಡೆಯಿತು. ಮುಷ್ಕರ ಹೂಡಿದವರು ಕೇಳಿದ್ದೇನು? ಹಳೆಯ ಕೂಲಿ, ತಂಪು ನೀರು, ಶುಚಿಯಾದ ಶೌಚಾಲಯ, ಗಣಿ ಕಾನೂನಿನ ಪಾಲನೆ. ಮುಖ್ಯ ಅಧೀಕ್ಷಕ ಫ್ರಾಂಕ್ ಕ್ರೋ ಒಪ್ಪಲಿಲ್ಲ. ಲೆಕ್ಕ ಚುಕ್ತಾ ಮಾಡಿಸಿ ಜನರನ್ನು ಕಳುಹಿಸಲಾಯಿತು. ಕೆಲವೇ ದಿನಗಳಲ್ಲಿ ಮುಷ್ಕರ ಮುರಿಯಿತು. ಕ್ರೋ ದುಷ್ಟನೇನೂ ಅಲ್ಲ. ಹಗಲಿರುಳೆನ್ನದೆ ಕೆಲಸದ ನಡುವೆಯೇ ಇರುತ್ತಿದ್ದ, ಆಳುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಎನ್ನುತ್ತಾರೆ. ಆದರೆ ಆತನಿಗೆ 'ಅವಸರದ ಕ್ರೋ' ಎಂಬ ಅಡ್ಡಹೆಸರು ಸುಮ್ಮನೆ ಬಂದಿರಲಿಲ್ಲ. ನದಿಯನ್ನು 1933ರ ಅಕ್ಟೋಬರ್ 1ರೊಳಗೆ ತಿರುಗಿಸದಿದ್ದರೆ ದಿನಕ್ಕೆ 3,000 ಡಾಲರ್ ದಂಡ ತೆರಬೇಕೆಂದು ಕರಾರಿತ್ತು. ನಾಲ್ಕು ಡಾಲರ್ ದಿನಗೂಲಿಯವನ ಬಾಯಾರಿಕೆಗೆ ಅಂಥ ಯಾವ ದಂಡವೂ ಇರಲಿಲ್ಲ.

ಮುಷ್ಕರದ ತರುವಾಯ ತಂಪು ನೀರು ಬಂದಿತು, ಹೊಸ ಊರಿನಲ್ಲಿ ಮನೆಗಳೆದ್ದವು. ಇಷ್ಟನ್ನು ಮೊದಲೇ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತೋ!

ಸುರಂಗದ ಕಥೆಗೆ ಮಾತ್ರ ಅಂಥ ಪರಿಹಾರ ಸಿಗಲಿಲ್ಲ. ನದಿಯನ್ನು ಹೊರಳಿಸಲು 56 ಅಡಿ ಅಡ್ಡಳತೆಯ ನಾಲ್ಕು ಸುರಂಗಗಳನ್ನು ಕೊರೆಯಬೇಕಾಗಿತ್ತು. ಅವುಗಳೊಳಗೆ ಪೆಟ್ರೋಲ್ ಲಾರಿಗಳು ಸಾಲುಗಟ್ಟಿ ಓಡಿದವು. ಹೊಗೆ ಹೊರಹೋಗಲು ಸಾಕಷ್ಟು ದಾರಿಯಿಲ್ಲ. ಗಣಿಯೊಳಗೆ ಅಂಥ ವಾಹನ ಕೂಡದೆಂದು ನೆವಾಡಾದ ಕಾನೂನು ಹೇಳುತ್ತಿತ್ತು. ರಾಜ್ಯದ ತನಿಖಾಧಿಕಾರಿ ತಡೆಯಹೋದರೆ ಗುತ್ತಿಗೆದಾರರು ಫೆಡರಲ್ ನ್ಯಾಯಾಲಯಕ್ಕೆ ಹೋಗಿ 1932ರಲ್ಲಿ ಗೆದ್ದು ಬಂದರು. ತಲೆಸುತ್ತಿ, ವಾಂತಿಮಾಡಿಕೊಂಡು ಬಿದ್ದವರನ್ನು ಹೊರಗೆಳೆದು ತರುತ್ತಿದ್ದರು. ಆಸ್ಪತ್ರೆಯ ಪುಸ್ತಕದಲ್ಲಿ ಕಾರ್ಬನ್ ಮಾನಾಕ್ಸೈಡಿನ ಸಾವು ಒಂದೂ ಇಲ್ಲ. ನ್ಯುಮೋನಿಯಾದ ಸಾವುಗಳು ಹಲವಾರು. ನ್ಯುಮೋನಿಯಾ ಕೆಲಸದಿಂದಾದ ಅಪಘಾತವಲ್ಲವಾದ್ದರಿಂದ ಹೆಂಡತಿಗೆ ಪರಿಹಾರವೂ ಇಲ್ಲ. ಹೊಗೆಯಿಂದ ಆರೋಗ್ಯ ಕಳೆದುಕೊಂಡೆವೆಂದು ಮೊಕದ್ದಮೆ ಹೂಡಿದ್ದ 50 ಮಂದಿಯೊಡನೆ ಸಂಸ್ಥೆ 1936ರಲ್ಲಿ ನ್ಯಾಯಾಲಯದ ಹೊರಗೇ ರಾಜಿಮಾಡಿಕೊಂಡಿತು. ಎಷ್ಟು ಕೊಟ್ಟರೆಂಬುದನ್ನು ಪ್ರಕಟಿಸಲಿಲ್ಲ.

ಅದೇ ವರ್ಷದ ಮಾರ್ಚ್ 1ರಂದು, ಗಡುವಿಗೆ ಎರಡು ವರ್ಷ ಮೊದಲೇ, ಅಣೆಕಟ್ಟು ಸರ್ಕಾರದ ವಶವಾಯಿತು. ಕೆಲಸದಲ್ಲಿ ಮಡಿದವರ ಅಧಿಕೃತ ಲೆಕ್ಕದಲ್ಲಿರುವುದು 96 ಮಂದಿ. ನ್ಯುಮೋನಿಯಾ ಎಂದು ಬರೆಸಿಕೊಂಡವರು ಅದರಲ್ಲಿ ಸೇರಿಲ್ಲ.