ಹರಿಯದ ಬೆಲ್ಟನ್ನು ಬದಲಿಸುವ ವಿಚಾರ

ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ಹಿಂದೆ ಎತ್ತಿನ ಕೊಟ್ಟಿಗೆಯಿದ್ದ ಸ್ಥಳದಲ್ಲಿ ಇಂದು ಮೋಟಾರು ಕಾರು ನಿಂತಿರುವುದು ಅಪೂರ್ವವಲ್ಲ. ಎತ್ತು ಮೇವು ಬಿಟ್ಟರೆ, ಕಿವಿ ಜೋಲಿಸಿದರೆ, ಅದು ರೋಗದ ಸೂಚನೆಯೆಂದು ನಮ್ಮ ಹಿರಿಯರು ತಿಳಿಯುತ್ತಿದ್ದರು. ಕಾರೂ ಬಹುಮಟ್ಟಿಗೆ ತನ್ನ ರೋಗವನ್ನು ಮುಂದಾಗಿ ಹೇಳಿಕೊಳ್ಳುತ್ತದೆ. ಬ್ರೇಕು ಸವೆದರೆ ಕಿರುಗುಟ್ಟುತ್ತದೆ. ಬ್ಯಾಟರಿ ಬಲಗುಂದಿದರೆ ಬೆಳಗಿನ ಹೊತ್ತು ಇಂಜಿನ್ನು ಹೊರಡಲು ಮೈಗಳ್ಳತನ ತೋರುತ್ತದೆ. ಆದರೆ ಅದರ ಒಡಲಲ್ಲಿ ಒಂದು ಅಂಗವುಂಟು. ಅದು ಸಾಮಾನ್ಯವಾಗಿ ಕೊನೆಯ ಕ್ಷಣದವರೆಗೂ ಮೌನವಾಗಿದ್ದು ಒಮ್ಮೆಲೇ ಹರಿದುಬಿಡುವುದು. ಅದರ ಹೆಸರು ಟೈಮಿಂಗ್ ಬೆಲ್ಟು. ಅದನ್ನು ಯಾವಾಗ ಬದಲಿಸತಕ್ಕುದೆಂಬ ಪ್ರಶ್ನೆಯು ಕಳೆದ ಬೇಸಗೆಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಒಂದು ವಾದಕ್ಕೆ ಕಾರಣವಾಯಿತು. ಆ ವಾದದಲ್ಲಿ ತಿಳಿದ ಸಂಗತಿಗಳು ಇತರರಿಗೂ ಉಪಯುಕ್ತವಾದೀತೆಂದು ಇದನ್ನು ಬರೆಯುತ್ತಿರುವೆನು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಈ ಎರಡು ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಯಂತ್ರವಿದ್ಯೆಯು ಪರಕೀಯವೇ ಸರಿ. ಶಿಕಾರಿಪುರದಲ್ಲಿ ಮೆಕ್ಯಾನಿಕ್ಕಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು ಅದರ ಮರ್ಮವನ್ನು ತಿಳಿಸಿದನು. ಇಂಜಿನ್ನಿನಲ್ಲಿ ಪಿಸ್ಟನ್ನುಗಳ ಚಲನೆಯಿಂದ ತಿರುಗುವ ದಂಡವೊಂದು, ಕ್ರ್ಯಾಂಕ್ ಶಾಫ್ಟು. ಗಾಳಿಯನ್ನು ಒಳಕ್ಕೆ ಬಿಡುವ, ಹೊಗೆಯನ್ನು ಹೊರಕ್ಕೆ ಕಳುಹಿಸುವ ವಾಲ್ವುಗಳನ್ನು ತೆರೆಯಿಸುವ ದಂಡವಿನ್ನೊಂದು, ಕ್ಯಾಮ್ ಶಾಫ್ಟು. ಮೊದಲನೆಯದು 2 ಸುತ್ತು ತಿರುಗುವಷ್ಟರಲ್ಲಿ ಎರಡನೆಯದು 1 ಸುತ್ತು ತಿರುಗಬೇಕು, ಇದರಲ್ಲಿ ಹಿಂದುಮುಂದಾಗಕೂಡದು. ಇಂಜಿನ್ನು ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿರುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುವುದು. ಹಾಡುವವನಿಗೂ ಮೃದಂಗದವನಿಗೂ ನಡುವೆ ತಾಳವಿರುವಂತೆ ಈ ಎರಡು ದಂಡಗಳ ನಡುವೆ ಲಯವನ್ನು ಕಾಯುವುದೇ ಹಲ್ಲುಗಳುಳ್ಳ ಆ ರಬ್ಬರಿನ ಬೆಲ್ಟು. ಅದರ ಒಳಗೆ ಗಾಜಿನ ನೂಲಿನ ಎಳೆಗಳಿರುತ್ತವೆ. ಹಲ್ಲುಗಳ ಮೇಲೆ ನೈಲಾನು ಬಟ್ಟೆಯ ಹೊದಿಕೆಯಿರುತ್ತದೆ.

ಮೊದಲು ಈ ಕಾರ್ಯವನ್ನು ಹಲ್ಲುಗಾಲಿಗಳೋ ಉಕ್ಕಿನ ಸರಪಳಿಯೋ ಮಾಡುತ್ತಿದ್ದವು. ರಬ್ಬರು ಬೆಲ್ಟನ್ನು ಕಾರಿಗೆ ಅಳವಡಿಸಿ ಮಾರಾಟಕ್ಕೆ ತಂದವರಲ್ಲಿ ಜರ್ಮನಿಯ ಗ್ಲಾಸ್ ಕಂಪನಿಯವರು ಮೊದಲಿಗರು; ಅವರ 1004 ಎಂಬ ಕಾರು 1962ರಲ್ಲಿ ಹೊರಬಂದಿತು. ನಮ್ಮ ಹಳೆಯ ಅಂಬಾಸಡರಿನಲ್ಲಿ ಸರಪಳಿಯಿತ್ತು. 1983ರ ಕೊನೆಯಲ್ಲಿ ಬಂದ ಮಾರುತಿ 800ರಲ್ಲಿ ಬೆಲ್ಟು ಇತ್ತು. ಬೆಲ್ಟು ಹಗುರ, ಅಗ್ಗ, ಸದ್ದಿಲ್ಲದ್ದು. ಸರಪಳಿಯು ಎಣ್ಣೆಯಲ್ಲಿ ಮಿಂದು ಬಹುಕಾಲ ಬಾಳುವುದು. ಸಡಿಲವಾದಾಗ ಸಾಮಾನ್ಯವಾಗಿ ಗಲಗಲ ಸದ್ದುಮಾಡಿ ತಿಳಿಸುವುದು. ಬೆಲ್ಟಿನ ಸದ್ಗುಣವಾದ ಮೌನವೇ ಅದರ ದೋಷವೂ ಆಗಿರುವುದು ವಿಚಿತ್ರ. ಈಗಲೂ ಕೆಲವು ಕಾರುಗಳಿಗೆ ಬೆಲ್ಟು, ಕೆಲವಕ್ಕೆ ಸರಪಳಿ. ತಮ್ಮದು ಯಾವುದೆಂಬುದನ್ನು ವಾಚಕರು ಕಾರಿನೊಡನೆ ಬಂದ ಪುಸ್ತಕದಿಂದ ತಿಳಿಯಬಹುದು.

ಹರಿದರೆ ಆಗುವುದೇನು? ಕ್ಯಾಮ್ ಶಾಫ್ಟು ನಿಲ್ಲುವುದು. ಕೆಲವು ವಾಲ್ವುಗಳು ತೆರೆದಂತೆಯೇ ಉಳಿಯುವುವು. ವೇಗದಲ್ಲಿರುವ ಪಿಸ್ಟನ್ನುಗಳು ಮಾತ್ರ ಒಡನೆ ನಿಲ್ಲಲಾರವು. ಕೆಲವು ಇಂಜಿನ್ನುಗಳಲ್ಲಿ ಇವೆರಡಕ್ಕೂ ನಡುವೆ ಸಾಕಷ್ಟು ತೆರಪಿರುವುದರಿಂದ ಕಾರು ನಿಲ್ಲುವುದಷ್ಟೇ ಕಷ್ಟ. ಅನೇಕ ಇಂಜಿನ್ನುಗಳಲ್ಲಿ, ಡೀಸೆಲ್ಲಿನವುಗಳಲ್ಲಂತೂ ಸಾಮಾನ್ಯವಾಗಿ, ಆ ತೆರಪಿಲ್ಲ. ಪಿಸ್ಟನ್ನು ಬಡಿದು ವಾಲ್ವುಗಳು ಬಾಗುವುವು. ನಮ್ಮ ಪರಿಚಿತರೊಬ್ಬರು ಮಳೆಗಾಲದ ಒಂದು ರಾತ್ರಿ ತುಂಬು ಬಸುರಿಯಾದ ಮಗಳನ್ನು ಕೂರಿಸಿಕೊಂಡು ಆನವಟ್ಟಿಯ ಕಡೆಯಿಂದ ಸೊರಬಕ್ಕೆ ಬರುತ್ತಿರುವಾಗ ಹೀಗೆಯೇ ಆಯಿತು. ಮುನ್ಸೂಚನೆಯೊಂದೂ ಇರಲಿಲ್ಲ. ಕೀಲಿ ತಿರುಗಿಸಿದರೆ ಇಂಜಿನ್ನು ಹಗುರಾಗಿ ಗಿರ್ರೆಂದಿತೇ ಹೊರತು ಹಿಡಿಯಲಿಲ್ಲ. ಹಾಲಿನ ವಾಹನವೊಂದು ದೈವವಶಾತ್ ಆ ದಾರಿಯಲ್ಲಿ ಬಂದುದರಿಂದ ತಾಯಿ ಮಗು ಉಳಿದರು. ಆ ಕಾರು ಎರಡನೆಯ ಕೈಯಿಂದ ಕೊಂಡದ್ದು. ಬೆಲ್ಟನ್ನು ಹಿಂದೆ ಎಂದು ಬದಲಿಸಿದರೆಂಬ ಬರಹವು ಯಾರಲ್ಲಿಯೂ ಇರಲಿಲ್ಲ.

ಈ ಸಂಗತಿಯನ್ನು ಕೇಳಿದ ಮೇಲೆ ನಾನು ಅಣ್ಣನ ಕಾರಿನ ಪುಸ್ತಕವನ್ನು ತೆಗೆದು ಓದಿದೆನು. ನಮ್ಮ ಅತ್ತಿಗೆಯವರ ಹೃದಯವು ದುರ್ಬಲವಾದುದರಿಂದ ಅವರನ್ನು ತಿಂಗಳಿಗೊಮ್ಮೆ ಶಿವಮೊಗ್ಗೆಯ ವೈದ್ಯರಲ್ಲಿಗೆ ಕರೆದೊಯ್ಯುವುದು ಆ ಕಾರಿನಲ್ಲಿಯೇ. ಬೆಲ್ಟನ್ನು 1,00,000 ಕಿಲೋಮೀಟರಿಗೆ ಅಥವಾ 5 ವರ್ಷಕ್ಕೆ ಬದಲಿಸತಕ್ಕುದೆಂದು ಪುಸ್ತಕದಲ್ಲಿತ್ತು. ಕಾರಿಗೆ ವಯಸ್ಸು 9 ವರ್ಷ. ಓಡಿದ್ದು 48,000 ಕಿಲೋಮೀಟರು.

“ಇನ್ನೂ ಅರ್ಧ ದಾರಿಯೂ ಆಗಿಲ್ಲವಲ್ಲೋ ತಮ್ಮಾ! ಗಟ್ಟಿಯಾಗಿರುವುದನ್ನು ಬಿಚ್ಚಿ ಎಸೆಯುವುದು ಯಾವ ಶಾಸ್ತ್ರ?” ಎಂದನು ಅಣ್ಣ.

“ಅಣ್ಣಾ, ಈ ವಾಕ್ಯದಲ್ಲಿರುವ ‘ಅಥವಾ’ ಎಂಬ ಶಬ್ದದಲ್ಲಿಯೇ ಶಾಸ್ತ್ರವೆಲ್ಲ ಅಡಗಿದೆ” ಎಂದೆನು.

ಮೀಮಾಂಸಕರು ವಿಕಲ್ಪಕ್ಕೆ ಉದಾಹರಣೆಯಾಗಿ ಅಕ್ಕಿಯನ್ನೂ ಜವೆಯನ್ನೂ ಹೇಳುವರು. ಯಾಗಕ್ಕೆ ಅಕ್ಕಿಯಾದರೂ ಆಗಬಹುದು, ಜವೆಯಾದರೂ ಆಗಬಹುದು. ಆರಿಸಿಕೊಳ್ಳುವುದು ಯಜಮಾನನ ಇಚ್ಛೆ. ಕಾರಿನ ಪುಸ್ತಕದ ‘ಅಥವಾ’ ಅಂತಹುದಲ್ಲ. ಇಲ್ಲಿ ಯಜಮಾನನಿಗೆ ಸ್ವಾತಂತ್ರ್ಯವಿಲ್ಲ. ಎರಡರಲ್ಲಿ ಯಾವುದು ಮೊದಲು ಬರುವುದೋ ಅದೇ ಗಡುವು. ಏಕೆಂದರೆ ರಬ್ಬರಿಗೆ ಇಬ್ಬರು ಶತ್ರುಗಳು: ಓಟದಿಂದ ಅದು ಸವೆಯುವುದು, ನಿಂತಲ್ಲಿಯೇ ಇದ್ದರೂ ಕಾಲದಿಂದ, ಇಂಜಿನ್ನಿನ ಶಾಖದಿಂದ, ಗಟ್ಟಿಯಾಗಿ ಬಿರಿಯುವುದು. ಎಣ್ಣೆಯೋ ನೀರೋ ಸೋರಿ ಅದರ ಮೇಲೆ ಬಿದ್ದರೆ ಗಡುವಿಗೂ ಮುಂಚೆಯೇ ಕೆಡುವುದು. ಬೆಂಗಳೂರಿನ ಬಾಡಿಗೆ ಕಾರಿಗೆ ಕಿಲೋಮೀಟರಿನ ಗಡುವು ಮೊದಲು ಬರುತ್ತದೆ. ಪೇಟೆಗೂ ತೋಟಕ್ಕೂ ಆಸ್ಪತ್ರೆಗೂ ಮಾತ್ರ ಹೊರಡುವ ನಮ್ಮ ಸೀಮೆಯ ಕಾರಿಗೆ ವರ್ಷದ ಗಡುವೇ ಮೊದಲು. ಆದುದರಿಂದ ಓಟದ ಲೆಕ್ಕವನ್ನು ಮಾತ್ರ ನೋಡಿ ನಿಶ್ಚಿಂತರಾಗಿರುವ ಅಪಾಯವು ನಮ್ಮಂತಹವರಿಗೇ ಹೆಚ್ಚು. ಈ ಗಡುವು ಎಲ್ಲ ಕಾರುಗಳಿಗೂ ಒಂದೇ ಅಲ್ಲ. ತಯಾರಕರು ಬರೆದುದೇ ಪ್ರಮಾಣ.

“ಕಣ್ಣಿನಿಂದ ನೋಡಿ ತಿಳಿಯಬಾರದೇ?” ಎಂದು ಅಣ್ಣನು ಕೇಳಿದನು. ಬಾವಿಯ ಹಗ್ಗವು ಎಳೆಯೆಳೆಯಾಗಿ ಬಿಟ್ಟುಕೊಂಡು ಎಚ್ಚರಿಸುವುದು. ಹಳೆಯ ಕಾಲದ ಬೆಲ್ಟುಗಳೂ ಬಿರುಕು ತೋರಿಸುತ್ತಿದ್ದುವಂತೆ. ಆದರೆ ಈಗಿನ ರಬ್ಬರು ಉತ್ತಮವಾದುದರಿಂದ ಮೇಲೆ ನುಣುಪಾಗಿಯೇ ಇದ್ದು ಒಳಗಿನ ಎಳೆಗಳು ಸೋತಿರಬಹುದೆಂದು ಶಿಷ್ಯನು ಹೇಳಿದನು. ಬಿರುಕು ಕಂಡರೆ ಬದಲಿಸಲೇಬೇಕು. ಕಾಣದಿದ್ದರೆ ಗಟ್ಟಿಯೆಂದು ಅರ್ಥವಲ್ಲ.

ಅವಧಿಯನ್ನು ನೋಡಿ ಬದಲಿಸುವುದು ನಮಗೆ ಹೊಸತೇನೂ ಅಲ್ಲ. ನಮ್ಮ ಮನೆಯಲ್ಲಿ ಶ್ರಾವಣದ ಉಪಾಕರ್ಮದಂದು ಜನಿವಾರವನ್ನು ಬದಲಿಸುವುದು ಅದು ಹರಿದಿರುವುದೆಂದಲ್ಲ. ನಮ್ಮದು ಕೆರೆಗಳ ನಾಡು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬರ ಕಾಕುತ್ಸ್ಥವರ್ಮನು ಕೆರೆಯೊಂದನ್ನು ಕಟ್ಟಿಸಿದುದನ್ನು ಸಂಸ್ಕೃತ ಶ್ಲೋಕಗಳಲ್ಲಿ ಹೇಳುತ್ತದೆ. ಕಾಲ 5ನೆಯ ಶತಮಾನ. ಕನ್ನಡನಾಡಿನ ಶಾಸನಗಳಲ್ಲಿ ಕೆರೆಯ ಜೀರ್ಣೋದ್ಧಾರಕ್ಕೆಂದು ಬಿತ್ತುವಟ್ಟವನ್ನು ಬಿಟ್ಟ ಉಲ್ಲೇಖಗಳುಂಟು. ಏರಿ ಒಡೆದ ಮೇಲೆ ಮಣ್ಣು ಹಾಕುವುದು ಕೆರೆಯನ್ನು ಕಾಯುವ ಕ್ರಮವಲ್ಲವೆಂಬುದು ಅವರಿಗೆ ತಿಳಿದಿತ್ತು.

ಕೊನೆಗೆ ಅತ್ತಿಗೆಯವರೇ ತೀರ್ಪು ಕೊಟ್ಟರು: “ಕೂರುವವಳು ನಾನು. ಮಳೆ ಹಿಡಿಯುವುದರೊಳಗೆ ಬದಲಿಸಿ.” ಶಿಷ್ಯನು ಬೆಲ್ಟಿನೊಡನೆ ಅದನ್ನು ಬಿಗಿಹಿಡಿಯುವ ಟೆನ್ಷನರನ್ನೂ ನಡುವಣ ರಾಟೆಯನ್ನೂ ಬದಲಿಸಿದನು; ಆ ಇಂಜಿನ್ನಿನಲ್ಲಿ ನೀರಿನ ಪಂಪೂ ಅದೇ ಬೆಲ್ಟಿನಿಂದ ತಿರುಗುವುದರಿಂದ ಅದನ್ನೂ ಬದಲಿಸಿದನು. ಇವುಗಳಲ್ಲೊಂದು ಸೆಡೆತುಕೊಂಡರೆ ಹೊಸ ಬೆಲ್ಟೂ ಉಳಿಯದು. ಎರಡು ಬಾರಿ ಬಿಚ್ಚುವ ಕೂಲಿಯೂ ದಂಡ. ಗುರುತುಗಳನ್ನು ಸರಿಹೊಂದಿಸಿ, ಕೈಯಿಂದಲೇ ಇಂಜಿನ್ನನ್ನು 2 ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದುದನ್ನು ಕಂಡ ಮೇಲೆಯೇ ಅವನು ಕೀಲಿಯನ್ನು ಮುಟ್ಟಿದ್ದು. ಖರ್ಚು ಕೆಲವು ಸಾವಿರ ರೂಪಾಯಿ. ಬಾಗಿದ ವಾಲ್ವುಗಳ ಖರ್ಚು ಅದರ ಹಲವು ಮಡಿ.

ಬಿಚ್ಚಿದ ಬೆಲ್ಟನ್ನು ಅಣ್ಣನು ಮನೆಗೆ ತಂದು ಬೆಳಕಿಗೆ ಹಿಡಿದು ನೋಡಿದನು. ಒಂದು ಬಿರುಕೂ ಇರಲಿಲ್ಲ, ಒಂದು ಹಲ್ಲೂ ಹೋಗಿರಲಿಲ್ಲ. “ನೋಡಿದೆಯಾ, ಇನ್ನೂ ಹತ್ತು ವರ್ಷ ಬರುತ್ತಿತ್ತು!” ಎಂದು ನಕ್ಕನು. ಅದನ್ನು ತೋಟದ ಬಾಗಿಲ ಗಳುವಿಗೆ ಬಳೆಯಂತೆ ಹಾಕಿರುವನು, ಹೋಗಿಬರುವವರಿಗೆಲ್ಲ ತೋರಿಸುತ್ತಿರುವನು. ನನ್ನಲ್ಲಿ ಪ್ರತ್ಯುತ್ತರವಿಲ್ಲ. ಒದಗಿದ ವಿಪತ್ತಿಗೆ ಊರೆಲ್ಲ ಸಾಕ್ಷಿ. ತಪ್ಪಿದ ವಿಪತ್ತಿಗೆ ಸಾಕ್ಷಿಯೇ ಇಲ್ಲ. ಮುಂದಾಗಿ ಎಚ್ಚರವಹಿಸುವವನು ತಾನು ಸರಿಯೆಂದು ಎಂದಿಗೂ ಸಿದ್ಧಪಡಿಸಲಾರನು. ಆ ಸೋಲನ್ನು ಒಪ್ಪಿಕೊಂಡೇ ಈ ಕಾರ್ಯಕ್ಕೆ ಕೈಹಾಕಬೇಕು. ಕಳೆದ ಮಳೆಗಾಲದಲ್ಲಿ ಅತ್ತಿಗೆಯವರು ನಾಲ್ಕು ಸಲ ಶಿವಮೊಗ್ಗೆಗೆ ಹೋಗಿ ಬಂದರು. ದಾರಿಯಲ್ಲಿ ಹೇಳತಕ್ಕ ವಿಶೇಷವೇನೂ ನಡೆಯಲಿಲ್ಲ. ನನಗೆ ಬೇಕಾದದ್ದೂ ಅಷ್ಟೇ.

ವಾಚಕರಲ್ಲಿ ನನ್ನ ವಿಜ್ಞಾಪನೆಯು ಸಣ್ಣದು. ಕಾರಿನ ಪುಸ್ತಕವನ್ನು ಒಮ್ಮೆ ತೆಗೆಯಿರಿ. ಬೆಲ್ಟೋ ಸರಪಳಿಯೋ ನೋಡಿರಿ. ಬೆಲ್ಟಾದರೆ ಎರಡು ಗಡುವುಗಳನ್ನೂ ಓದಿರಿ. ಹಳೆಯ ಕಾರನ್ನು ಕೊಂಡವರು, ಬದಲಿಸಿದ ಬರಹವು ಸಿಕ್ಕದಿದ್ದರೆ, ಬದಲಿಸಿಲ್ಲವೆಂದೇ ಎಣಿಸಿರಿ. ಬದಲಿಸಿದ ದಿನವನ್ನೂ ಆಗಿನ ಕಿಲೋಮೀಟರನ್ನೂ, ಹಸು ಈದ ದಿನವನ್ನು ಬರೆದಿಡುವಂತೆ, ಮನೆಯ ಪಂಚಾಂಗದ ರಟ್ಟಿನ ಒಳಮೈಯಲ್ಲಿ ಬರೆದಿಡಿರಿ. ವರ್ಷ ಕಳೆದು ಹೊಸ ಪಂಚಾಂಗವು ಬಂದಾಗ ಆ ಸಾಲನ್ನು ಅದಕ್ಕೂ ಇಳಿಸಿಕೊಳ್ಳಿರಿ.